ಗುಂಪಿನ ಲೆಕ್ಕ ಎಲ್ಲರ ಮೊಬೈಲಿನಲ್ಲಿ: ಗೂಗಲ್ ಡ್ರೈವ್ ಬಳಸೋದು ಹೇಗೆ?

ಒಟ್ಟಾಗಿ ಬೆಳೆ ಮಾರುವ ಗುಂಪುಗಳಲ್ಲಿ ಮನಸ್ತಾಪ ಹುಟ್ಟೋದು ಸಾಮಾನ್ಯವಾಗಿ ಲೆಕ್ಕದ ವಿಷಯಕ್ಕೆ. ಯಾರ ಮಾಲು ಎಷ್ಟು ಹೋಯಿತು, ಲಾರಿ ಬಾಡಿಗೆಯಲ್ಲಿ ಯಾರ ಪಾಲು ಎಷ್ಟು, ಮಂಡಿಯವರು ಕೊಟ್ಟ ಬಿಲ್ ಎಲ್ಲಿದೆ? ಇದೆಲ್ಲ ಒಬ್ಬರ ಪುಸ್ತಕದಲ್ಲೋ ಒಬ್ಬರ ಮೊಬೈಲಿನಲ್ಲೋ ಇರುತ್ತೆ. ಆ ಪುಸ್ತಕ ನೆನೆದರೆ ಅಥವಾ ಮೊಬೈಲ್ ಕೆಟ್ಟರೆ ಇಡೀ ಹಂಗಾಮಿನ ಲೆಕ್ಕ ಹೋದಂತೆ.

ಬಿಲ್ಲುಗಳನ್ನು ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಸಾಕಲ್ವಾ ಅಂತ ಕೇಳಬಹುದು. ಸುದ್ದಿ ತಿಳಿಸೋಕೆ ಅದು ಸಾಕು, ದಾಖಲೆ ಇಡೋಕೆ ಸಾಲದು. ಮೂರು ತಿಂಗಳ ಹಿಂದಿನ ಬಿಲ್ ಹುಡುಕೋಕೆ ನೂರಾರು ಗುಡ್ ಮಾರ್ನಿಂಗ್ ಫೋಟೊ ದಾಟಬೇಕು. ಆಗ ಡೌನ್‌ಲೋಡ್ ಮಾಡದೇ ಬಿಟ್ಟಿದ್ದರೆ ಆಮೇಲೆ ತೆರೆಯದೇ ಹೋಗಬಹುದು. ಲೆಕ್ಕದ ಪಟ್ಟಿ ಒಂದು ಸಲ ಕಳಿಸಿ, ತಿದ್ದಿ ಮತ್ತೆ ಕಳಿಸಿದರೆ ಯಾವುದು ಸರಿಯಾದದ್ದು ಅನ್ನೋದೇ ಗೊಂದಲ.

ಕ್ಲೌಡ್ ಅಂದರೇನು?

ಫೈಲು ನಿಮ್ಮ ಮೊಬೈಲಿನಲ್ಲಿ ಮಾತ್ರ ಇರದೆ, ಕಂಪನಿಯೊಂದರ ದೊಡ್ಡ ಕಂಪ್ಯೂಟರುಗಳಲ್ಲಿ ಇಂಟರ್ನೆಟ್ ಮೂಲಕ ಉಳಿಯೋದೇ ಕ್ಲೌಡ್. ಸೊಸೈಟಿ ಗೋದಾಮಿನಲ್ಲಿ ಇಟ್ಟ ಮೂಟೆ ಇದ್ದ ಹಾಗೆ. ಮನೆಯಲ್ಲಿ ಏನಾದರೂ ಮಾಲು ಅಲ್ಲಿ ಸುರಕ್ಷಿತ. ಗೂಗಲ್ ಡ್ರೈವ್ ಇಂಥದ್ದೊಂದು ಸೌಲಭ್ಯ. ಜಿಮೇಲ್ ಖಾತೆ ಇರುವವರಿಗೆ ಸಾಮಾನ್ಯವಾಗಿ 15 ಜಿಬಿ ಜಾಗ ಉಚಿತ. ಆದರೆ ಜಿಮೇಲ್ ಮತ್ತು ಗೂಗಲ್ ಫೋಟೋಸ್ ಕೂಡ ಇದೇ ಜಾಗವನ್ನು ಬಳಸುತ್ತವೆ. ಮದುವೆ ವಿಡಿಯೊಗಳು ಅದನ್ನು ತುಂಬಿಸಿದ್ದರೆ ಬಿಲ್ ಹಾಕೋಕೆ ಜಾಗ ಇರೋದಿಲ್ಲ.

ಒಂದು ಉದಾಹರಣೆ ನೋಡೋಣ

ಕೋಲಾರದ ಎಪಿಎಂಸಿಗೆ ಹತ್ತು ಮಂದಿ ಬೆಳೆಗಾರರು ಒಂದೇ ಲಾರಿಯಲ್ಲಿ 300 ಬಾಕ್ಸ್ ಟೊಮೆಟೊ ಕಳಿಸಿದ್ದಾರೆ ಅಂದುಕೊಳ್ಳಿ. ಲಾರಿ ಬಾಡಿಗೆ 6,000 ರೂಪಾಯಿ. ಅಂದರೆ ಬಾಕ್ಸಿಗೆ 20 ರೂಪಾಯಿ. ಒಬ್ಬರದ್ದು 42 ಬಾಕ್ಸ್, ಸಿಕ್ಕ ದರ 280 ರೂಪಾಯಿ. ಒಟ್ಟು 11,760 ರೂಪಾಯಿ. ಅದರಲ್ಲಿ ಬಾಡಿಗೆ ಪಾಲು 840 ಕಳೆದರೆ ಕೈಗೆ 10,920 ರೂಪಾಯಿ ಬರಬೇಕು. ಈ ಲೆಕ್ಕವನ್ನು ಹತ್ತೂ ಮಂದಿ ತಮ್ಮ ಮೊಬೈಲಿನಲ್ಲೇ ನೋಡುವಂತಿದ್ದರೆ ಅನುಮಾನಕ್ಕೆ ಜಾಗ ಕಡಿಮೆ.

ಹೀಗೆ ಮಾಡಿ:

1. ಗೂಗಲ್ ಡ್ರೈವ್ ಆ್ಯಪ್ ತೆರೆಯಿರಿ. ಪ್ಲಸ್ ಗುರುತು ಒತ್ತಿ 'ಟೊಮೆಟೊ ಮಾರಾಟ' ಅಂತ ಒಂದು ಫೋಲ್ಡರ್ ಮಾಡಿ.

2. ಅದರೊಳಗೆ ಗೂಗಲ್ ಶೀಟ್ಸ್‌ನಲ್ಲಿ ಒಂದು ಪಟ್ಟಿ ಮಾಡಿ. ದಿನಾಂಕ, ರೈತರ ಹೆಸರು, ಬಾಕ್ಸ್ ಎಷ್ಟು, ದರ, ಒಟ್ಟು ಮೊತ್ತ, ಬಾಡಿಗೆ ಪಾಲು, ಕೈಗೆ ಬರಬೇಕಾದ ಹಣ: ಇಷ್ಟು ಕಾಲಂ ಸಾಕು. ಕನ್ನಡದಲ್ಲೇ ಟೈಪ್ ಮಾಡಬಹುದು. ಸೂತ್ರ ಒಂದು ಸಲ ಹಾಕಿಟ್ಟರೆ ಗುಣಾಕಾರ, ಕಳೆಯೋದು ತಾನಾಗೇ ಆಗುತ್ತೆ.

3. ಮಂಡಿ ಬಿಲ್ ಕೈಗೆ ಬಂದ ದಿನವೇ ಸ್ಕ್ಯಾನ್ ಮಾಡಿ. ಆಂಡ್ರಾಯ್ಡ್ ಮೊಬೈಲಿನ ಡ್ರೈವ್ ಆ್ಯಪಿನಲ್ಲೇ ಸ್ಕ್ಯಾನ್ ಸೌಲಭ್ಯ ಇದೆ, ಅದು ಪಿಡಿಎಫ್ ಮಾಡಿ ಕೊಡುತ್ತೆ. ಫೈಲಿಗೆ ದಿನಾಂಕ ಮತ್ತು ಮಂಡಿಯ ಹೆಸರಿಡಿ.

4. ಫೋಲ್ಡರ್ ಪಕ್ಕದ ಮೂರು ಚುಕ್ಕೆ ಒತ್ತಿ 'ಶೇರ್' ಆರಿಸಿ. ಸದಸ್ಯರ ಜಿಮೇಲ್ ವಿಳಾಸ ಹಾಕಿ ಕಳಿಸಿ.

ಯಾರಿಗೆ ಯಾವ ಅಧಿಕಾರ?

ಶೇರ್ ಮಾಡುವಾಗ ಮೂರು ಆಯ್ಕೆ ಬರುತ್ತವೆ. 'ವ್ಯೂವರ್' ಆದವರು ನೋಡಬಹುದು, ತಿದ್ದೋಕಾಗದು. 'ಕಮೆಂಟರ್' ಆದವರು ಶೀಟಿನ ಪಕ್ಕದಲ್ಲಿ ಟಿಪ್ಪಣಿ ಬರೆಯಬಹುದು: 'ನನ್ನದು 42 ಅಲ್ಲ, 44 ಬಾಕ್ಸ್' ಅಂತ. 'ಎಡಿಟರ್' ಆದವರು ತಿದ್ದಬಹುದು. ಲೆಕ್ಕ ಬರೆಯುವ ಇಬ್ಬರಿಗೆ ಮಾತ್ರ ಎಡಿಟರ್, ಉಳಿದವರಿಗೆ ಕಮೆಂಟರ್ ಕೊಡೋದು ಒಳ್ಳೆಯದು. ಒಬ್ಬರೇ ಎಡಿಟರ್ ಆದರೆ ಅವರು ಊರಲ್ಲಿಲ್ಲದ ದಿನ ಲೆಕ್ಕ ನಿಲ್ಲುತ್ತೆ. ಹತ್ತೂ ಮಂದಿ ಆದರೆ ಯಾರದೋ ಬೆರಳು ತಾಗಿ ಅಂಕಿ ಅಳಿಸಿ ಹೋಗಬಹುದು.

ಹಾಗೆ ಅಳಿಸಿದರೂ ಗಾಬರಿ ಬೇಡ. ಕಂಪ್ಯೂಟರಿನಲ್ಲಿ ಶೀಟ್ ತೆರೆದು ಫೈಲ್ ಮೆನುವಿನಲ್ಲಿ 'ವರ್ಷನ್ ಹಿಸ್ಟರಿ' ನೋಡಿ. ಯಾವಾಗ, ಯಾರ ಖಾತೆಯಿಂದ ಏನು ಬದಲಾಗಿದೆ ಅನ್ನೋದು ಕಾಣುತ್ತೆ, ಹಳೆಯದನ್ನು ವಾಪಸ್ ತರಬಹುದು. ಪುಸ್ತಕದ ಲೆಕ್ಕದಲ್ಲಿ ಈ ಅನುಕೂಲ ಇಲ್ಲ. ಫೈಲನ್ನೇ ಡಿಲೀಟ್ ಮಾಡಿದ್ದರೆ ಅದು 30 ದಿನ ಟ್ರ್ಯಾಶ್‌ನಲ್ಲಿ ಇರುತ್ತೆ. ಆಮೇಲೆ ಹೋಗುತ್ತೆ.

ಎಚ್ಚರ ಇರಲಿ

'ಎನಿವನ್ ವಿತ್ ದ ಲಿಂಕ್' ಅನ್ನೋ ಆಯ್ಕೆ ಸುಲಭ, ಆದರೆ ಲಿಂಕ್ ಯಾರ ಕೈಗೆ ಸಿಕ್ಕರೂ ಅವರಿಗೆ ಫೈಲ್ ತೆರೆಯುತ್ತೆ. ಲೆಕ್ಕಕ್ಕೆ 'ರಿಸ್ಟ್ರಿಕ್ಟೆಡ್' ಇರಲಿ.

ಹಂಚಿದ ಫೋಲ್ಡರಿಗೆ ಹಾಕಿದ್ದೆಲ್ಲ ಆ ಫೋಲ್ಡರ್ ನೋಡುವ ಎಲ್ಲರಿಗೂ ಕಾಣುತ್ತೆ. ಆದ್ದರಿಂದ ಆಧಾರ್, ಬ್ಯಾಂಕ್ ಪಾಸ್‌ಬುಕ್, ಪಹಣಿ ಇವನ್ನು ಗುಂಪಿನ ಫೋಲ್ಡರಿಗೆ ಹಾಕಬೇಡಿ. ಅವುಗಳಿಗೆ ಬೇರೆ ಫೋಲ್ಡರ್ ಮಾಡಿ, ಬೇಕಾದವರಿಗೆ ಮಾತ್ರ ಕೊಟ್ಟು, ಕೆಲಸ ಮುಗಿದ ಮೇಲೆ ಅವರ ಹೆಸರು ತೆಗೆಯಿರಿ. ಅವರು ಅಷ್ಟರಲ್ಲೇ ಡೌನ್‌ಲೋಡ್ ಮಾಡಿಕೊಂಡಿದ್ದರೆ ಅದನ್ನು ವಾಪಸ್ ಪಡೆಯೋಕಾಗದು ಅನ್ನೋದೂ ನೆನಪಿರಲಿ. ಆಧಾರ್ ಕೊಡಲೇಬೇಕಾದ ಕಡೆ, ಒಪ್ಪಿದರೆ, ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡಿ.

ಫೋಲ್ಡರ್ ಯಾರ ಖಾತೆಯಲ್ಲಿ ಹುಟ್ಟಿತೋ ಅವರೇ ಅದರ ಮಾಲೀಕರು. ಅವರು ಗುಂಪು ಬಿಟ್ಟು ಅಳಿಸಿಬಿಟ್ಟರೆ ಎಲ್ಲರಿಗೂ ತೊಂದರೆ. ಗುಂಪಿನ ಹೆಸರಿನಲ್ಲೇ ಒಂದು ಜಿಮೇಲ್ ಮಾಡಿ, ಪಾಸ್‌ವರ್ಡ್ ಅಧ್ಯಕ್ಷರು ಮತ್ತು ಕಾರ್ಯದರ್ಶಿ ಇಬ್ಬರಿಗೂ ಗೊತ್ತಿರಲಿ, ಟೂ ಸ್ಟೆಪ್ ವೆರಿಫಿಕೇಶನ್ ಹಾಕಿ. ಎರಡು ವರ್ಷ ಬಳಸದೇ ಬಿಟ್ಟ ಖಾತೆಯನ್ನು ಗೂಗಲ್ ತೆಗೆದುಹಾಕಬಹುದು. ತಿಂಗಳಿಗೊಮ್ಮೆ ಶೀಟನ್ನು ಪಿಡಿಎಫ್ ಮಾಡಿ ಬೇರೆ ಕಡೆಯೂ ಇಟ್ಟುಕೊಳ್ಳಿ.

ಹೊಲದಲ್ಲಿ ನೆಟ್‌ವರ್ಕ್ ಸಿಗದಿದ್ದರೆ?

ಮನೆಯಲ್ಲಿರುವಾಗಲೇ ಶೀಟಿಗೆ ಆಫ್‌ಲೈನ್ ಆಯ್ಕೆ ಹಾಕಿಡಿ. ಹೊಲದಲ್ಲಿ ಬರೆದದ್ದು ನೆಟ್‌ವರ್ಕ್ ಬಂದಾಗ ತಾನಾಗೇ ಸೇರಿಕೊಳ್ಳುತ್ತೆ.

ಸ್ಮಾರ್ಟ್‌ಫೋನ್ ಇಲ್ಲದ ಸದಸ್ಯರನ್ನು ಮರೆಯಬಾರದು. ತಿಂಗಳ ಸಭೆಯಲ್ಲಿ ಲೆಕ್ಕವನ್ನು ಪ್ರಿಂಟ್ ತೆಗೆದು ಅಂಟಿಸಿ, ಗಟ್ಟಿಯಾಗಿ ಓದಿ ಹೇಳಿ. ಅವರ ಹಣವೂ ಅದರಲ್ಲಿದೆ.

ಎಲ್ಲವನ್ನೂ ಒಂದೇ ದಿನ ಮಾಡಬೇಕಿಲ್ಲ. ಮುಂದಿನ ಲೋಡು ಹೋಗುವಾಗ ಒಂದು ಶೀಟ್, ಒಂದು ಬಿಲ್‌ನಿಂದ ಶುರು ಮಾಡಿ. ಮೊದಲ ಒಂದು ತಿಂಗಳು ಪುಸ್ತಕವನ್ನೂ ಜೊತೆಗೆ ಬರೆಯಿರಿ. ಎರಡೂ ತಾಳೆಯಾದರೆ ಆಮೇಲೆ ಧೈರ್ಯವಾಗಿ ಶೀಟನ್ನೇ ನಂಬಬಹುದು.