ಮಂಗಳೂರಿನ ಬಿಷಪ್, ಲಿಸ್ಬನ್ನಿನ ಒಪ್ಪಿಗೆ

ಮಂಗಳೂರಿನ ಕ್ಯಾಥೊಲಿಕ್ ಬಿಷಪ್ ಯಾರಾಗಬೇಕು ಎಂಬುದರಲ್ಲಿ 1950ರವರೆಗೂ ಪೋರ್ಚುಗಲ್ ಸರ್ಕಾರದ ಮಾತು ನಡೆಯುತ್ತಿತ್ತು. ಬ್ರಿಟಿಷರು ಭಾರತ ಬಿಟ್ಟುಹೋದ ಮೇಲೂ ಸುಮಾರು ಮೂರು ವರ್ಷ ಈ ಹಕ್ಕು ಅಂಟೋನಿಯೊ ಸಲಜಾರ್‌ನ ಸರ್ವಾಧಿಕಾರದ ಕೈಯಲ್ಲೇ ಉಳಿದಿತ್ತು.

ಇದರ ಬೇರು ‘ಪದ್ರೊವಾದೊ’ ಎಂಬ ಹಳೆಯ ಏರ್ಪಾಟಿನಲ್ಲಿದೆ. ಕಡಲಾಚೆಯ ನಾಡುಗಳಲ್ಲಿ ಚರ್ಚ್ ಕಟ್ಟಿಸಿ ಪಾದ್ರಿಗಳ ಖರ್ಚುವೆಚ್ಚ ನೋಡಿಕೊಳ್ಳುವ ಹೊಣೆ ಪೋರ್ಚುಗಲ್ ದೊರೆಯದು. ಅದಕ್ಕೆ ಪ್ರತಿಯಾಗಿ ಬಿಷಪ್‌ರ ಹೆಸರು ಸೂಚಿಸುವ ಹಕ್ಕೂ ಅವನದು. ಪೋರ್ಚುಗಲ್ಲಿನ ಬಲ ಕುಂದಿದ ಮೇಲೆ ರೋಮ್ 1622ರಲ್ಲಿ ತನ್ನದೇ ಧರ್ಮಪ್ರಚಾರ ಮಂಡಳಿ ಸ್ಥಾಪಿಸಿತು. ಅಲ್ಲಿಂದ ಇಬ್ಬರ ಅಧಿಕಾರದ ಜಗಳ ಎರಡೂವರೆ ಶತಮಾನ ಎಳೆಯಿತು. 1886ರ ಒಪ್ಪಂದದಲ್ಲಿ ಪೋಪ್ 13ನೇ ಲಿಯೊ ನಡುದಾರಿ ಹಿಡಿದರು. ಮುಂಬೈ, ಮಂಗಳೂರು, ಕೊಲ್ಲಂ, ತಿರುಚಿರಾಪಳ್ಳಿ ನೇರವಾಗಿ ಪದ್ರೊವಾದೊಗೆ ಸೇರದಿದ್ದರೂ, ಅಲ್ಲಿನ ಬಿಷಪ್ ನೇಮಕದಲ್ಲಿ ಪೋರ್ಚುಗಲ್ ದೊರೆಗೆ ಪಾಲು ಸಿಕ್ಕಿತು.

ಮಲೆನಾಡಿಗೆ ಈ ಕಟ್ಟು ಇರಲಿಲ್ಲ. ಶೃಂಗೇರಿ ತಾಲ್ಲೂಕಿನ ಬೇಗಾರಿನಿಂದ ಹೊರಟು ಆಗುಂಬೆ ಘಾಟಿ ಇಳಿದರೆ ಆಗ ಮಂಗಳೂರು ಧರ್ಮಪ್ರಾಂತ್ಯ ಸಿಗುತ್ತಿತ್ತು. ಘಾಟಿಯ ಮೇಲಿನ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳು ಫ್ರೆಂಚ್ ಮಿಷನರಿಗಳು ಬೆಳೆಸಿದ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದವು. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಬೇರೆಯಾಯಿತು. 1950ರವರೆಗೆ ಘಾಟಿಯ ಕೆಳಗಿನ ಬಿಷಪ್‌ಗೆ ಲಿಸ್ಬನ್ನಿನ ಒಪ್ಪಿಗೆ ಬೇಕಿತ್ತು, ಮೇಲಿನವರಿಗೆ ಬೇಕಿರಲಿಲ್ಲ.

ಪೋರ್ಚುಗಲ್‌ನಲ್ಲಿ 1910ರಲ್ಲಿ ಅರಸೊತ್ತಿಗೆ ಬಿದ್ದು ಚರ್ಚ್‌ವಿರೋಧಿ ಗಣರಾಜ್ಯ ಬಂತು. ಆ ಗಣರಾಜ್ಯವೂ ಪೂರ್ವದೇಶದ ಈ ಹಕ್ಕನ್ನು ಬಿಟ್ಟುಕೊಡಲಿಲ್ಲ. 1926ರಲ್ಲಿ ಸೈನ್ಯ ಅಧಿಕಾರ ಹಿಡಿಯಿತು. ವ್ಯಾಟಿಕನ್ 1928ರಲ್ಲಿ ಆ ಸೈನಿಕ ಆಡಳಿತದೊಂದಿಗೇ ಒಪ್ಪಂದ ಮಾಡಿಕೊಂಡು, ದೊರೆಯ ಪಾಲನ್ನು ರಾಷ್ಟ್ರಾಧ್ಯಕ್ಷನಿಗೆ ವರ್ಗಾಯಿಸಿತು. ಮುಂಬೈ ಆರ್ಚ್‌ಬಿಷಪ್ ಒಂದು ಸಲ ಪೋರ್ಚುಗೀಸರಾದರೆ ಇನ್ನೊಂದು ಸಲ ಬ್ರಿಟಿಷರಾಗಬೇಕು ಎಂಬ ಷರತ್ತೂ ಸೇರಿತು. ಭಾರತೀಯ ಪಾದ್ರಿಗಳಿಗೆ ಆ ಪೀಠದಲ್ಲಿ ಜಾಗವೇ ಇರಲಿಲ್ಲ. 1931ರಲ್ಲಿ ವಿಕ್ಟರ್ ಫೆರ್ನಾಂಡಿಸ್ ಮಂಗಳೂರಿನ ಬಿಷಪ್ ಆದದ್ದು ಈ ಏರ್ಪಾಟು ಜಾರಿಯಲ್ಲಿದ್ದಾಗಲೇ.

1932ರಲ್ಲಿ ಪ್ರಧಾನಿಯಾದ ಸಲಜಾರ್ ಹಿಂದೆ ಸೆಮಿನರಿಯಲ್ಲಿ ಓದಿದವನು. ಲಿಸ್ಬನ್ನಿನ ಕಾರ್ಡಿನಲ್ ಸೆರೆಜೈರಾ ಅವನ ಕೊಯಿಂಬ್ರಾ ದಿನಗಳ ಗೆಳೆಯ. ಒಂದೇ ಪಕ್ಷ, ಪತ್ರಿಕೆಗಳ ಮೇಲೆ ಸೆನ್ಸಾರ್, ಗುಪ್ತ ಪೊಲೀಸ್, ಕೇಪ್ ವರ್ಡ್‌ನ ತಾರಾಫಾಲ್ ಬಂದೀಖಾನೆ: ಇವು ಅವನ ಆಡಳಿತದ ಕಂಬಗಳು. ಇದನ್ನು ಹಿಟ್ಲರನ ಆಡಳಿತದ ಸಾಲಿಗೆ ಸೇರಿಸಬೇಕೇ ಎಂಬ ಚರ್ಚೆ ಇತಿಹಾಸಕಾರರಲ್ಲಿದೆ. ಗೋವಾದಲ್ಲಿ ಬಾಯಿ ತೆರೆದು ಜೈಲು ಸೇರಿದವರಿಗೆ ಆ ವ್ಯತ್ಯಾಸದಿಂದ ಆದ ಲಾಭ ಸ್ವಲ್ಪವೇ. 1940ರ ಮೇ 7ರಂದು ವ್ಯಾಟಿಕನ್ ಅವನೊಂದಿಗೆ ಧರ್ಮಸಂಧಿಗೆ ಸಹಿ ಹಾಕಿತು. ಶಾಲೆಗಳಲ್ಲಿ ಧರ್ಮಬೋಧನೆ, ಚರ್ಚಿನಲ್ಲಾದ ಮದುವೆಗೆ ವಿಚ್ಛೇದನವಿಲ್ಲ ಎಂಬ ಕಟ್ಟುಪಾಡು, ವಸಾಹತುಗಳ ಮಿಷನ್‌ಗಳಿಗೆ ಸರ್ಕಾರದ ಹಣ ಇವೆಲ್ಲ ಚರ್ಚಿಗೆ ದಕ್ಕಿದವು. ಬಿಷಪ್ ಆಗುವವರ ಬಗ್ಗೆ ರಾಜಕೀಯ ಆಕ್ಷೇಪವಿದೆಯೇ ಎಂದು ಸರ್ಕಾರವನ್ನು ಮೊದಲೇ ಕೇಳುವುದು ಚರ್ಚ್ ತೆತ್ತ ಬೆಲೆ.

ಇಂಥ ವ್ಯವಹಾರ ಬೇರೆಡೆಯೂ ನಡೆದಿದೆ. 1933ರಲ್ಲಿ ಹಿಟ್ಲರನ ಜರ್ಮನಿಯೊಂದಿಗೆ ಸಂಧಿಯಾಯಿತು. ಜರ್ಮನಿ ಅದನ್ನು ಪದೇಪದೇ ಮುರಿದದ್ದರಿಂದ 1937ರಲ್ಲಿ ಪೋಪ್ 11ನೇ ಪಿಯೂಸ್ ಜರ್ಮನ್ ಭಾಷೆಯಲ್ಲೇ ಖಂಡನಾ ಪತ್ರ ಹೊರಡಿಸಬೇಕಾಯಿತು. 2018ರಲ್ಲಿ ಚೀನಾದೊಂದಿಗೆ ಆದ ಒಪ್ಪಂದವೂ ಬಿಷಪ್ ನೇಮಕದ್ದೇ. ಅದರ ಪಠ್ಯ ಪ್ರಕಟವಾಗಿಲ್ಲ.

ಭಾರತದಲ್ಲಿ ಗಂಟು ಬಿಚ್ಚಿದ್ದು ಒಳಗಿನ ಒತ್ತಡದಿಂದ. ಮುಂಬೈನ ಇಂಗ್ಲಿಷ್ ಆರ್ಚ್‌ಬಿಷಪ್ ಥಾಮಸ್ ರಾಬರ್ಟ್ಸ್ ತಮ್ಮ ಜಾಗಕ್ಕೆ ಭಾರತೀಯರೇ ಬರಬೇಕೆಂದು ಹಟ ಹಿಡಿದರು. 1946ರಲ್ಲಿ ಆಡಳಿತವನ್ನು ಸಹಾಯಕ ಬಿಷಪ್ ವಲೇರಿಯನ್ ಗ್ರೇಶಿಯಸ್‌ಗೆ ಒಪ್ಪಿಸಿ ತಾವು ಮುಂಬೈಯಿಂದ ದೂರವೇ ಉಳಿದರು. ಅಧಿಕಾರದಲ್ಲಿದ್ದುಕೊಂಡೇ ಅಧಿಕಾರ ಬಿಟ್ಟುಕೊಟ್ಟ ಈ ನಡೆ ಇಡೀ ಪ್ರಕರಣದಲ್ಲಿ ಅತ್ಯಂತ ಗೌರವಾರ್ಹವಾದದ್ದು. ಹೊರದೇಶವೊಂದು ಭಾರತದ ಬಿಷಪ್‌ರನ್ನು ಆರಿಸುವುದನ್ನು ನೆಹರೂ ಸರ್ಕಾರವೂ ಒಪ್ಪಲಿಲ್ಲ. 1950ರ ಜುಲೈ 18ರಂದು ಪೋರ್ಚುಗಲ್ ಮಂಗಳೂರು ಸೇರಿದಂತೆ ಈ ಪೀಠಗಳ ಮೇಲಿನ ಹಕ್ಕು ಬಿಟ್ಟಿತು. ಡಿಸೆಂಬರ್‌ನಲ್ಲಿ ಗ್ರೇಶಿಯಸ್ ಆರ್ಚ್‌ಬಿಷಪ್ ಆದರು.

ಗೋವಾ ಆರ್ಚ್‌ಬಿಷಪ್‌ರ ಆಡಳಿತ ಮಾತ್ರ ಇನ್ನೂ ಗಡಿ ದಾಟಿ ಬೆಳಗಾವಿ, ಕಾರವಾರದ ಕಡೆಗೆ ಚಾಚಿತ್ತು. 1953ರ ಸೆಪ್ಟೆಂಬರ್ 19ರಂದು ಬೆಳಗಾವಿ ಧರ್ಮಪ್ರಾಂತ್ಯ ರಚಿಸಿ ರೋಮ್ ಅದನ್ನೂ ಬೇರ್ಪಡಿಸಿತು. ಪೋರ್ಚುಗಲ್ ಒಳಗೆ ಸಲಜಾರ್‌ನನ್ನು ಪ್ರಶ್ನಿಸಿ 1958ರಲ್ಲಿ ಪತ್ರ ಬರೆದ ಪೋರ್ಟೊ ಬಿಷಪ್ ಅಂಟೋನಿಯೊ ಫೆರೇರಾ ಗೋಮೆಸ್ ಹತ್ತು ವರ್ಷ ದೇಶದ ಹೊರಗೆ ಕಳೆಯಬೇಕಾಯಿತು. ಸಂಧಿಯ ಕಾಗದ ಅವರನ್ನು ಕಾಯಲಿಲ್ಲ.

1961ರ ಡಿಸೆಂಬರ್‌ನಲ್ಲಿ ಗೋವಾ ಭಾರತಕ್ಕೆ ಸೇರಿದ ಮೇಲೂ ವ್ಯಾಟಿಕನ್ ಲಿಸ್ಬನ್ನಿನ ಮುಖ ನೋಡುತ್ತಲೇ ಇತ್ತು. ಊರು ಬಿಟ್ಟುಹೋದ ಪೋರ್ಚುಗೀಸ್ ಆರ್ಚ್‌ಬಿಷಪ್ ಅಲ್ವೆರ್ನಾಸ್ 1975ರವರೆಗೆ ಆ ಪದವಿ ಉಳಿಸಿಕೊಂಡರು. ತಾತ್ಕಾಲಿಕ ಆಡಳಿತಾಧಿಕಾರಿಗಳು ಕೆಲಸ ನಡೆಸಿದರು. ಪೋರ್ಚುಗಲ್‌ನಲ್ಲಿ 1974ರಲ್ಲಿ ಸರ್ವಾಧಿಕಾರ ಕುಸಿದು, ಅದೇ ವರ್ಷದ ಕೊನೆಗೆ ಹೊಸ ಸರ್ಕಾರ ಗೋವಾ ಭಾರತದ್ದೆಂದು ಒಪ್ಪಿತು. ರಾವುಲ್ ಗೊನ್ಸಾಲ್ವಿಸ್ ಗೋವಾದ ಆರ್ಚ್‌ಬಿಷಪ್ ಆಗಿ ನೇಮಕಗೊಂಡದ್ದು 1978ರಲ್ಲಿ.