ಚಾಪೆಲ್ ಹಿಲ್‌ನ ಪುಕ್ಕಟೆ ಬಸ್ಸಿಗೆ ದುಡ್ಡು ಕೊಡುವವರು ಯಾರು?

ಅಮೆರಿಕದ ನಾರ್ತ್ ಕೆರೊಲೈನಾ ರಾಜ್ಯದ ಚಾಪೆಲ್ ಹಿಲ್‌ನಲ್ಲಿ ಬಸ್ಸು ಹತ್ತುವವರು ಜೇಬಿಗೆ ಕೈ ಹಾಕುವುದಿಲ್ಲ. ಕಂಡಕ್ಟರ್ ಇಲ್ಲ, ಟಿಕೆಟ್ಟಿಲ್ಲ, ಪಾಸು ತೋರಿಸಬೇಕಾಗಿಲ್ಲ. ಹತ್ತಿದವರು ವಿಶ್ವವಿದ್ಯಾಲಯದ ವಿದ್ಯಾರ್ಥಿಯೋ, ಆಸ್ಪತ್ರೆಯ ನರ್ಸೋ, ಮಗಳ ಮನೆಗೆಂದು ಬಂದ ಅಜ್ಜಿಯೋ ಎಂದು ಯಾರೂ ವಿಚಾರಿಸುವುದಿಲ್ಲ. 2002ರ ಜನವರಿಯಿಂದ ಅಲ್ಲಿ ಈ ಪದ್ಧತಿ ಜಾರಿಯಲ್ಲಿದೆ.

ಊರು ದೊಡ್ಡದಲ್ಲ. ಆದರೆ ಅಲ್ಲಿರುವ ನಾರ್ತ್ ಕೆರೊಲೈನಾ ವಿಶ್ವವಿದ್ಯಾಲಯ ದೊಡ್ಡದು, ಹಳೆಯದು. 1795ರಲ್ಲೇ ಪಾಠ ಶುರುಮಾಡಿದ ಸಂಸ್ಥೆ. ಹಳೆಯ ಕ್ಯಾಂಪಸ್ಸಿನ ಕಿರಿದಾದ ರಸ್ತೆಗಳು, ದಟ್ಟ ಮರಗಳು, ಪಕ್ಕದಲ್ಲೇ ಬೃಹತ್ ಆಸ್ಪತ್ರೆ. ದಿನವೂ ಬರುವ ಸಾವಿರಾರು ಜನರ ಕಾರು ನಿಲ್ಲಿಸಲು ಅಲ್ಲಿ ಜಾಗವಿಲ್ಲ. ಮೊದಲ ವರ್ಷದ ವಿದ್ಯಾರ್ಥಿಗಳಿಗಂತೂ ಕ್ಯಾಂಪಸ್ಸಿನಲ್ಲಿ ಕಾರು ನಿಲ್ಲಿಸುವ ಅನುಮತಿಯೇ ಸಿಗುವುದಿಲ್ಲ. ಬಸ್ಸಿನ ಕಥೆ ಹುಟ್ಟುವುದು ಈ ಜಾಗದ ಅಭಾವದಿಂದ.

ಚಾಪೆಲ್ ಹಿಲ್ ಟ್ರಾನ್ಸಿಟ್ ಹೆಸರಿನ ಈ ಬಸ್ ವ್ಯವಸ್ಥೆ 1974ರಲ್ಲಿ ಆರಂಭವಾದಾಗ ಟಿಕೆಟ್ ಇತ್ತು. ಚಾಪೆಲ್ ಹಿಲ್, ಪಕ್ಕದ ಊರು ಕಾರ್‌ಬರೊ ಮತ್ತು ವಿಶ್ವವಿದ್ಯಾಲಯ, ಈ ಮೂವರೂ ಖರ್ಚು ಹಂಚಿಕೊಳ್ಳುವ ಪಾಲುದಾರರು. ವರ್ಷಗಳು ಕಳೆದಂತೆ ಲೆಕ್ಕ ನೋಡಿದವರಿಗೆ ಒಂದು ಸಂಗತಿ ಎದ್ದು ಕಂಡಿತು. ಟಿಕೆಟ್ಟಿನಿಂದ ಬರುತ್ತಿದ್ದ ಹಣ ಒಟ್ಟು ವೆಚ್ಚದ ಸಣ್ಣ ಪಾಲು ಮಾತ್ರ. ಅದರಲ್ಲೂ ಹೆಚ್ಚಿನದು ವಿಶ್ವವಿದ್ಯಾಲಯ ಪಾಸುಗಳಿಗೆಂದು ಮೊದಲೇ ಕಟ್ಟುತ್ತಿದ್ದ ಮೊತ್ತ. ಉಳಿದ ಚಿಲ್ಲರೆಗಾಗಿ ಪೆಟ್ಟಿಗೆ ಇಡಬೇಕು, ದಿನವೂ ಅದನ್ನು ಖಾಲಿ ಮಾಡಬೇಕು, ಎಣಿಸಬೇಕು, ಕೆಟ್ಟರೆ ರಿಪೇರಿ ಮಾಡಿಸಬೇಕು. ವಿದ್ಯಾರ್ಥಿಗಳು ತಮ್ಮ ಸಾರಿಗೆ ಶುಲ್ಕ ಹೆಚ್ಚಿಸಿಕೊಳ್ಳಲು 2001ರಲ್ಲಿ ಮತ ಹಾಕಿ ಒಪ್ಪಿದ ಮೇಲೆ ಪೆಟ್ಟಿಗೆಯ ಅಗತ್ಯವೇ ಉಳಿಯಲಿಲ್ಲ.

ಅಂದರೆ ಬಸ್ಸಿನ ಬಾಗಿಲಲ್ಲಿ ಕೇಳದ ಹಣವನ್ನು ಬೇರೆಡೆ ವಸೂಲು ಮಾಡುತ್ತಾರೆ. ವಿದ್ಯಾರ್ಥಿ ಶುಲ್ಕದ ರೂಪದಲ್ಲಿ ಕೊಡುತ್ತಾನೆ, ಊರಿನವರು ತೆರಿಗೆಯಲ್ಲಿ ಕೊಡುತ್ತಾರೆ. ಕ್ಯಾಂಪಸ್ಸಿನೊಳಗೆ ಕಾರು ನಿಲ್ಲಿಸುವ ನೌಕರರು ಪರ್ಮಿಟ್ಟಿಗೆ ತೆರುವ ದುಬಾರಿ ಹಣದಲ್ಲೂ ಒಂದು ಪಾಲು ಬಸ್ಸಿಗೆ ಹೋಗುತ್ತದೆ. ಈ ಕೊನೆಯ ಏರ್ಪಾಡು ನ್ಯಾಯವಾದದ್ದು. ಅಷ್ಟೊಂದು ಬೆಲೆಬಾಳುವ ನೆಲವನ್ನು ಹಗಲಿಡೀ ಒಂದು ಖಾಲಿ ಕಾರಿಗೆ ಬಿಟ್ಟುಕೊಟ್ಟಾಗ, ಅದಕ್ಕೆ ಬೆಲೆ ಕೊಡಬೇಕಾದವರು ಕಾರಿನವರೇ.

ಟಿಕೆಟ್ ಇಲ್ಲದಿರುವುದರ ಲಾಭವನ್ನು ತರಗತಿ ಬಿಡುವ ಹೊತ್ತಿನಲ್ಲಿ ನೋಡಬೇಕು. ಒಂದು ಸ್ಟಾಪಿನಲ್ಲಿ 40 ಜನ ಕಾಯುತ್ತಿದ್ದಾರೆ ಎಂದುಕೊಳ್ಳಿ. ಒಬ್ಬೊಬ್ಬರು ಚಿಲ್ಲರೆಗೋ ಕಾರ್ಡಿಗೋ ಮೂರೇ ಸೆಕೆಂಡು ತೆಗೆದುಕೊಂಡರೂ ಬಸ್ಸು ಎರಡು ನಿಮಿಷ ನಿಂತೇ ಇರಬೇಕು. ಅಂಥ ಐದು ಸ್ಟಾಪಿಗೆ ಹತ್ತು ನಿಮಿಷ. ಹಿಂದಿನ ಬಸ್ಸು ಬಂದು ಇದರ ಬಾಲ ಹಿಡಿಯುತ್ತದೆ. ಕ್ಯಾಂಪಸ್ಸನ್ನು ಸುತ್ತುವ ‘ಯು’ ಬಸ್ಸು, ಅದೇ ಸುತ್ತನ್ನು ಎದುರು ದಿಕ್ಕಿನಿಂದ ಹಾಕುವ ‘ಆರ್‌ಯು’ ಬಸ್ಸುಗಳಂಥ ಚಿಕ್ಕ ಮಾರ್ಗಗಳಿಗೆ ಆ ಹತ್ತು ನಿಮಿಷವೇ ಪ್ರಾಣ.

ಪುಕ್ಕಟೆ ಎಂದಕೂಡಲೇ ಜನ ಮುಗಿಬಿದ್ದರು. ವರ್ಷಕ್ಕೆ ಸುಮಾರು 30 ಲಕ್ಷದಷ್ಟಿದ್ದ ಪ್ರಯಾಣ ಹತ್ತು ವರ್ಷದೊಳಗೆ 60 ಲಕ್ಷ ದಾಟಿತು. ಸಂತೋಷದ ಸುದ್ದಿಯೇ, ಆದರೆ ಟಿಕೆಟ್ ಇರುವ ಊರಿನಲ್ಲಿ ಪ್ರಯಾಣಿಕರು ಹೆಚ್ಚಿದರೆ ಆದಾಯವೂ ಸ್ವಲ್ಪ ಹೆಚ್ಚುತ್ತದೆ, ಇಲ್ಲಿ ಹೆಚ್ಚುವುದು ಖರ್ಚು ಮಾತ್ರ. ಹೊಸ ಬಸ್ಸು, ಹೊಸ ಚಾಲಕರು ಬೇಕೆಂದಾಗಲೆಲ್ಲ ಮೂವರು ಪಾಲುದಾರರೂ ಮತ್ತೆ ಮೇಜಿನ ಸುತ್ತ ಕೂರಬೇಕು. ದೊಡ್ಡ ಪಾಲು ವಿಶ್ವವಿದ್ಯಾಲಯದ್ದೇ. ಊರ ಹೊರಗಿನ ಬಯಲಿನಲ್ಲಿ ಕಾರು ಬಿಟ್ಟು ಬಸ್ಸು ಹಿಡಿಯುವ ‘ಪಾರ್ಕ್ ಅಂಡ್ ರೈಡ್’ ತಾಣಗಳಿಗೆ 2013ರಲ್ಲಿ ಶುಲ್ಕ ಹಾಕಿದರು. ಬಸ್ಸು ಮಾತ್ರ ಪುಕ್ಕಟೆಯಾಗಿಯೇ ಉಳಿಯಿತು.

ಎಲ್ಲ ವಿಶ್ವವಿದ್ಯಾಲಯಗಳೂ ಇದೇ ದಾರಿ ಹಿಡಿದಿಲ್ಲ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ವಿದ್ಯಾರ್ಥಿ ಸಂಘವೇ 1968ರಲ್ಲಿ ಲಂಡನ್ನಿನಿಂದ ತರಿಸಿದ ಎರಡು ಹಳೆಯ ಡಬಲ್ ಡೆಕ್ಕರ್‌ಗಳೊಂದಿಗೆ ‘ಯುನಿಟ್ರಾನ್ಸ್’ ಶುರುಮಾಡಿತು. ಇಂದಿಗೂ ಅದರ ಸ್ಟಿಯರಿಂಗ್ ಹಿಡಿಯುವವರು ತರಬೇತಿ, ಲೈಸೆನ್ಸು ಪಡೆದ ವಿದ್ಯಾರ್ಥಿಗಳೇ, ಅದೂ ಸಂಬಳಕ್ಕೆ. ಅಲ್ಲಿ ಪದವಿ ವಿದ್ಯಾರ್ಥಿಗಳು ಶುಲ್ಕದಲ್ಲೇ ಬಸ್ಸಿನ ಹಣ ಕಟ್ಟಿರುತ್ತಾರೆ, ಗುರುತಿನ ಚೀಟಿ ತೋರಿಸಿ ಹತ್ತುತ್ತಾರೆ. ನಮ್ಮ ಕರ್ನಾಟಕದ ಸರ್ಕಾರಿ ಬಸ್ಸುಗಳ ‘ಶಕ್ತಿ’ ಯೋಜನೆಯದು ಮೂರನೆಯ ಬಗೆ. 2023ರ ಜೂನ್ 11ರಂದು ಆರಂಭವಾದ ಈ ಯೋಜನೆಯಲ್ಲಿ ಮಹಿಳೆಯರು ಹಣ ಕೊಡಬೇಕಿಲ್ಲವಾದರೂ ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಕೊಡಲೇಬೇಕು, ಏಕೆಂದರೆ ಸರ್ಕಾರ ಸಾರಿಗೆ ನಿಗಮಗಳಿಗೆ ಹಣ ತುಂಬಿಕೊಡುವುದು ಆ ಟಿಕೆಟ್ಟುಗಳ ಲೆಕ್ಕದ ಮೇಲೆ.

ಚಾಪೆಲ್ ಹಿಲ್‌ನವರ ಕೊರತೆ ಇರುವುದು ದರದಲ್ಲಲ್ಲ, ಸಮಯದಲ್ಲಿ. ತರಗತಿ ನಡೆಯುವ ದಿನಗಳಲ್ಲಿ ಒಂದರ ಹಿಂದೊಂದು ಬರುವ ಬಸ್ಸುಗಳು ವಾರಾಂತ್ಯಕ್ಕೆ ವಿರಳವಾಗುತ್ತವೆ. ಬಹುಕಾಲ ಭಾನುವಾರ ಬೆರಳೆಣಿಕೆಯ ಮಾರ್ಗಗಳಷ್ಟೇ ಓಡುತ್ತಿದ್ದವು. ಆಸ್ಪತ್ರೆಯ ವಾರ್ಡು ಒರೆಸುವವರಿಗೆ, ಹಾಸ್ಟೆಲ್ ಅಡುಗೆಮನೆಯಲ್ಲಿ ದುಡಿಯುವವರಿಗೆ ಭಾನುವಾರವೂ ಪಾಳಿ ಇರುತ್ತದೆ. ಅವರಲ್ಲಿ ಕಾರಿಲ್ಲದವರಿಗೆ ಆ ದಿನದ ಒಂದೊಂದು ಹೆಚ್ಚುವರಿ ಬಸ್ಸೂ ಉಳಿದ ಆರು ದಿನಗಳ ಉಚಿತ ಪ್ರಯಾಣದಷ್ಟೇ ಮುಖ್ಯ. ಮುಂದಿನ ಬಜೆಟ್ಟಿನ ಹಣ ಮೊದಲು ಅಲ್ಲಿಗೆ ಹೋಗಬೇಕು.