ಅಂಗೈಯೊಳಗಿನ ಹುರಿಹಗ್ಗ

ಗುದ್ದಲಿ ಹಿಡಿದು ಅಭ್ಯಾಸವಿಲ್ಲದವರು ಒಂದು ಹೊತ್ತು ಅಗೆದರೆ ಸಾಕು, ಸಂಜೆಗೆ ಅಂಗೈಯಲ್ಲಿ ನೀರುಗುಳ್ಳೆ ಎದ್ದಿರುತ್ತದೆ. ದಿನವೂ ಅಗೆಯುವವರ ಕೈ ಜಡ್ಡುಗಟ್ಟಿ, ಅದೇ ಕಾವಿನ ಉಜ್ಜಾಟವನ್ನು ಸಲೀಸಾಗಿ ತಾಳಿಕೊಳ್ಳುತ್ತದೆ. ಚರ್ಮಕ್ಕೆ ಈ ತಾಳಿಕೆ ಕೊಡುವುದು ಕೆರಾಟಿನ್ ಎಂಬ ಪ್ರೋಟೀನುಗಳ ದೊಡ್ಡ ಕುಟುಂಬ.

ಕೆರಾಟಿನ್ ಎಂದರೆ ಕೂದಲು, ಉಗುರು ಎಂದಷ್ಟೇ ನಮಗೆ ನೆನಪಾಗುತ್ತದೆ. ಆದರೆ ಮನುಷ್ಯರಲ್ಲಿರುವ 54 ಬಗೆಯ ಕೆರಾಟಿನ್‌ಗಳಲ್ಲಿ ಹಲವು ಜೀವಂತ ಕೋಶಗಳೊಳಗೆ ದುಡಿಯುತ್ತವೆ. ಕುಟುಂಬದಲ್ಲಿ ಎರಡು ಕವಲು: ಒಂದರಲ್ಲಿ 28, ಇನ್ನೊಂದರಲ್ಲಿ 26. ನೊಗಕ್ಕೆ ಜೋಡೆತ್ತು ಬೇಕಾದಂತೆ, ಎರಡೂ ಕವಲಿನಿಂದ ಒಂದೊಂದು ಬಂದು ಹೆಣೆದುಕೊಂಡರೆ ಮಾತ್ರ ಕೆಲಸ ಶುರು. ಇಂಥ ಜೋಡಿಗಳು ಕೂಡಿ ಸುಮಾರು 10 ನ್ಯಾನೊಮೀಟರ್ ದಪ್ಪದ ಹುರಿಯಾಗುತ್ತವೆ. ಹುರಿಗಳು ಕೋಶದ ತುಂಬ ಹಬ್ಬಿ, ಅಂಚಿನ ಡೆಸ್ಮೊಸೋಮ್ ಎಂಬ ಗೂಟಗಳಿಗೆ ಬಿಗಿದುಕೊಳ್ಳುತ್ತವೆ. ಆಚೆಬದಿಯಲ್ಲಿ ನೆರೆಕೋಶದ ಹುರಿಗಳೂ ಅಲ್ಲಿಗೇ ಕಟ್ಟಿರುವುದರಿಂದ, ಒಂದು ಕೋಶಕ್ಕೆ ಬಿದ್ದ ಎಳೆತವನ್ನು ಸುತ್ತಲಿನವು ಹಂಚಿಕೊಳ್ಳುತ್ತವೆ.

ಒಂದೊಂದು ಜಾಗಕ್ಕೆ ಒಂದೊಂದು ಜೋಡಿ. ಹೊರಚರ್ಮದ ತಳದ ಪದರದಲ್ಲಿ ಕೆರಾಟಿನ್ 5 ಮತ್ತು ಕೆರಾಟಿನ್ 14. ಕೋಶ ಮೇಲೇರಿದಂತೆ 1 ಮತ್ತು 10. ಅಂಗೈ, ಅಂಗಾಲಿಗೆಂದೇ 9. ಗಾಯವಾದಾಗ ಅಂಚಿನ ಕೋಶಗಳಲ್ಲಿ 6, 16, 17 ತಯಾರಾಗುತ್ತವೆ. ಯಕೃತ್ತಿನ ಕೋಶಗಳನ್ನು ಕಾಯುವುದು 8 ಮತ್ತು 18.

ಹುರಿ ಸಡಿಲವಾದರೆ ಏನಾಗುತ್ತದೆ? 1991ರಲ್ಲಿ ಶಿಕಾಗೊದ ಎಲೇನ್ ಫುಕ್ಸ್ ಅವರ ತಂಡ ಇದಕ್ಕೆ ಉತ್ತರ ಕಂಡುಕೊಂಡಿತು. ಕೆಟ್ಟ ಕೆರಾಟಿನ್ 14 ಇದ್ದ ಇಲಿಗಳ ಮೈಯಲ್ಲಿ ಗುಳ್ಳೆಗಳೆದ್ದವು. ಎಪಿಡರ್ಮೊಲಿಸಿಸ್ ಬುಲ್ಲೋಸಾ ಸಿಂಪ್ಲೆಕ್ಸ್ ಎಂಬ ಕಾಯಿಲೆಯ ರೋಗಿಗಳಲ್ಲೂ ಅದೇ ಪ್ರೋಟೀನಿನ ದೋಷ ಸಿಕ್ಕಿತು. 125ನೇ ಸ್ಥಾನದ ಒಂದೇ ಒಂದು ಅಮೈನೊ ಆಮ್ಲ ಬದಲಾದರೂ ತಳದ ಕೋಶಗಳು ಉಜ್ಜಾಟಕ್ಕೆ ಒಡೆಯುತ್ತವೆ, ಒಡೆದಲ್ಲಿ ನೀರು ತುಂಬುತ್ತದೆ.

ಈ ಕಾಯಿಲೆಯ ಮಗುವಿಗೆ ಅಂಬೆಗಾಲಿಡುವುದೇ ನೋವು. ಬೇಸಿಗೆಯ ಬೆವರಿನಲ್ಲಿ ಗುಳ್ಳೆಗಳು ಇನ್ನೂ ಹೆಚ್ಚು. ಪೂರ್ತಿ ವಾಸಿಮಾಡುವ ಮದ್ದಿಲ್ಲ. ಮೆತ್ತನೆಯ ಬಟ್ಟೆ, ಸಡಿಲ ಚಪ್ಪಲಿ, ಶುಚಿಯಾದ ಪಟ್ಟಿಯೇ ಆಸರೆ. ಇದು ಅಂಟುರೋಗವಲ್ಲ ಎಂಬುದನ್ನು ಶಾಲೆ, ನೆರೆಹೊರೆ ಎಲ್ಲರೂ ಅರಿಯಬೇಕು. ಅಂಥ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಕೈಯನ್ನು ಹಗುರವಾಗಿ ಹಿಡಿಯಿರಿ. ನೆರೆಯವರ ಎಳೆತವನ್ನು ಹಂಚಿಕೊಳ್ಳುವುದು ನಮ್ಮ ಚರ್ಮದ ಕೋಶಗಳಿಗೂ ಗೊತ್ತಿದೆ.